15ನೇ ಸ್ಥಾನ, ದಾಖಲೆ ಆದಾಯ: ಫುಟ್‌ಬಾಲ್ ಕ್ಲಬ್‌ಗೆ ದುಡ್ಡು ಬರುವುದೆಲ್ಲಿಂದ?

ನನ್ನ ಅಕ್ಕನ ಮಗ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿ. ರಾತ್ರಿ ಹನ್ನೆರಡೂವರೆಗೆ ಅಲಾರಂ ಇಟ್ಟು, ಲೈಟ್ ಹಾಕದೆ, ಇಯರ್‌ಫೋನ್ ಸಿಕ್ಕಿಸಿಕೊಂಡು ಮ್ಯಾಚ್ ನೋಡುವ ಪೈಕಿ. 2024-25ರ ಸೀಸನ್ ಅವನ ಪಾಲಿಗೆ ಸೂತಕದ ವರ್ಷ. ಇಂಗ್ಲೆಂಡಿನ 20 ತಂಡಗಳ ಪ್ರೀಮಿಯರ್ ಲೀಗ್‌ನಲ್ಲಿ ಯುನೈಟೆಡ್ 15ನೇ ಸ್ಥಾನಕ್ಕೆ ಇಳಿಯಿತು. 1974ರಲ್ಲಿ ಎರಡನೇ ವಿಭಾಗಕ್ಕೆ ಬಿದ್ದ ಮೇಲೆ, ಮೇಲಿನ ವಿಭಾಗದಲ್ಲಿ ಇಷ್ಟು ಕೆಳಗೆ ಹೋಗಿದ್ದೇ ಇಲ್ಲ. ಮೇ 21ರಂದು ಬಿಲ್ಬಾವೊದಲ್ಲಿ ಯೂರೋಪಾ ಲೀಗ್ (ಯೂರೋಪಿನ ಕ್ಲಬ್‌ಗಳ ಎರಡನೇ ದರ್ಜೆಯ ಟೂರ್ನಿ) ಫೈನಲ್ ಇತ್ತು. ಅಲ್ಲಾದರೂ ಮಾನ ಉಳಿಯಬಹುದು ಅಂದುಕೊಂಡರೆ ಟಾಟನ್‌ಹ್ಯಾಮ್ ಎದುರು 0-1 ಸೋಲು.

ಆಮೇಲೆ ಸೆಪ್ಟೆಂಬರ್‌ನಲ್ಲಿ ಕ್ಲಬ್ ತನ್ನ ವರ್ಷದ ಲೆಕ್ಕಪತ್ರ ಪ್ರಕಟಿಸಿತು. ಆದಾಯ 66.65 ಕೋಟಿ ಪೌಂಡ್. ಪೌಂಡಿಗೆ 115 ರೂಪಾಯಿ ಅಂತ ಹಿಡಿದರೆ 7,600 ಕೋಟಿ ರೂಪಾಯಿಗೂ ಜಾಸ್ತಿ. ಕ್ಲಬ್ಬಿನ ಇತಿಹಾಸದಲ್ಲೇ ಯಾವ ವರ್ಷವೂ ಇಷ್ಟು ಬಂದಿರಲಿಲ್ಲ.

"ಮಾವ, ಇದು ಹೇಗೆ? ಫೇಲಾದವನಿಗೆ ಸ್ಕಾಲರ್‌ಶಿಪ್ ಜಾಸ್ತಿ ಮಾಡಿದ ಹಾಗಾಯ್ತಲ್ಲ?" ಅಂದ. ಪ್ರಶ್ನೆ ಸರಿಯಾಗೇ ಇದೆ. ಅದೇ ಲೆಕ್ಕಪತ್ರದಲ್ಲಿ ಸ್ವಲ್ಪ ಕೆಳಗೆ ಹೋದರೆ ಇನ್ನೊಂದು ಸಾಲು ಸಿಗುತ್ತದೆ: ನಿವ್ವಳ ನಷ್ಟ 3.3 ಕೋಟಿ ಪೌಂಡ್. ಅಂದರೆ ಸೋತರೂ ದಾಖಲೆ ದುಡ್ಡು ಬಂತು, ದಾಖಲೆ ದುಡ್ಡು ಬಂದರೂ ನಷ್ಟವಾಯಿತು. ಎರಡು ಒಗಟು. ಈ ಬರಹ ಪೂರ್ತಿ ಆ ಎರಡನ್ನು ಬಿಡಿಸುವುದಕ್ಕೇ.

ಯುನೈಟೆಡ್ಡನ್ನೇ ಉದಾಹರಣೆ ಮಾಡಿಕೊಂಡಿದ್ದಕ್ಕೆ ಕಾರಣ ಅಭಿಮಾನ ಅಲ್ಲ. ಆ ಕ್ಲಬ್ಬಿನ ಷೇರು 2012ರಿಂದ ನ್ಯೂಯಾರ್ಕ್ ಷೇರುಪೇಟೆಯಲ್ಲಿದೆ. ಮೂರು ತಿಂಗಳಿಗೊಮ್ಮೆ ಲೆಕ್ಕ ಹೊರಗೆ ಬರುತ್ತದೆ. ಬೇರೆ ಕ್ಲಬ್‌ಗಳ ಜೇಬು ಇಷ್ಟು ಸುಲಭವಾಗಿ ಕಾಣುವುದಿಲ್ಲ.

## ಮೂರು ಗಲ್ಲಾಪೆಟ್ಟಿಗೆ

ದೊಡ್ಡ ಫುಟ್‌ಬಾಲ್ ಕ್ಲಬ್ಬಿಗೆ ಮೂರು ಕಡೆಯಿಂದ ದುಡ್ಡು ಬರುತ್ತದೆ.

ಮೊದಲನೆಯದು ಮೈದಾನದ ಗಲ್ಲಾ. ಟಿಕೆಟ್ಟು, ಮೈದಾನದೊಳಗಿನ ತಿಂಡಿ-ಪಾನೀಯ, ಕಂಪನಿಗಳು ವರ್ಷಕ್ಕೆ ಹಿಡಿದಿಡುವ ಐಷಾರಾಮಿ ಬಾಕ್ಸುಗಳು. ಎರಡನೆಯದು ಟೀವಿ ಗಲ್ಲಾ. ಪಂದ್ಯ ತೋರಿಸುವ ಹಕ್ಕಿಗೆ ಚಾನೆಲ್‌ಗಳು ಕೊಡುವ ದುಡ್ಡು. ಮೂರನೆಯದು ವಾಣಿಜ್ಯ ಗಲ್ಲಾ. ಜೆರ್ಸಿ ಮೇಲಿನ ಹೆಸರು, ಕಿಟ್ (ಆಟದ ಬಟ್ಟೆ) ಕಂಪನಿಯ ಒಪ್ಪಂದ, ಅಂಗಡಿ ಮಾರಾಟ, ಕ್ಲಬ್ಬಿನ ಲಾಂಛನ ಬಳಸುವುದಕ್ಕೆ ಕೊಡುವ ಶುಲ್ಕ, ಇವೆಲ್ಲ ಇಲ್ಲಿಗೆ ಬಂದು ಬೀಳುತ್ತವೆ.

ಊರಿನ ಕಬಡ್ಡಿ ಪಂದ್ಯಾವಳಿ ನೆನಪಿಸಿಕೊಳ್ಳಿ. ಗೇಟಿನಲ್ಲಿ ಐವತ್ತು ರೂಪಾಯಿ ಟಿಕೆಟ್, ಅದು ಮೊದಲ ಗಲ್ಲಾ. ಕೇಬಲ್‌ನವನು ನೇರಪ್ರಸಾರಕ್ಕೆ ಅಂತ ಏನಾದರೂ ಕೊಟ್ಟರೆ ಎರಡನೆಯದು. ಆಟಗಾರರ ಬನಿಯನ್ ಬೆನ್ನಿಗೆ ಹಾರ್ಡ್‌ವೇರ್ ಅಂಗಡಿ ಹೆಸರು, ಅಂಕಣದ ಸುತ್ತ ಜ್ಯುವೆಲರ್ಸ್ ಬ್ಯಾನರ್, ಅದು ಮೂರನೆಯದು. ಇದನ್ನೇ ಹಿಗ್ಗಿಸಿ ಹಿಗ್ಗಿಸಿ ಯುನೈಟೆಡ್‌ನ ತವರು ಓಲ್ಡ್ ಟ್ರಾಫರ್ಡ್ ಮೈದಾನದ ಅಳತೆಗೆ ತನ್ನಿ.

ಯುನೈಟೆಡ್‌ನ 2024-25ರ ಲೆಕ್ಕ ಹೀಗಿತ್ತು: ಮೈದಾನದಿಂದ 16.03 ಕೋಟಿ ಪೌಂಡ್, ಟೀವಿಯಿಂದ 17.29 ಕೋಟಿ, ವಾಣಿಜ್ಯದಿಂದ 33.33 ಕೋಟಿ. ಮೂರನೇ ಗಲ್ಲಾ ಒಂದೇ ಉಳಿದೆರಡರ ಮೊತ್ತಕ್ಕೆ ಸಮ. ಗುಟ್ಟು ಅರ್ಧ ಇಲ್ಲೇ ಬಯಲಾಯಿತು.

ಇದು ಒಂದು ಕ್ಲಬ್ಬಿನ ಕಥೆಯಷ್ಟೇ ಅಲ್ಲ. ಲೆಕ್ಕಪರಿಶೋಧಕ ಸಂಸ್ಥೆ ಡೆಲಾಯ್ಟ್ ಪ್ರತಿ ವರ್ಷ ಜಗತ್ತಿನ ಅತಿ ಹೆಚ್ಚು ಆದಾಯದ 20 ಕ್ಲಬ್‌ಗಳ ಪಟ್ಟಿ ಮಾಡುತ್ತದೆ. 2023-24ರ ಪಟ್ಟಿಯಲ್ಲಿ ಅವೆಲ್ಲ ಸೇರಿ ಗಳಿಸಿದ್ದು 1,120 ಕೋಟಿ ಯೂರೋ. ಅದರಲ್ಲಿ ಶೇ 44ರಷ್ಟು ವಾಣಿಜ್ಯದ್ದು, ಶೇ 38 ಟೀವಿಯದ್ದು, ಉಳಿದ ಶೇ 18 ಮೈದಾನದ್ದು. ಅದೇ ವರ್ಷ ರಿಯಲ್ ಮ್ಯಾಡ್ರಿಡ್ ಒಂದು ಸೀಸನ್‌ನಲ್ಲಿ 100 ಕೋಟಿ ಯೂರೋ ದಾಟಿದ ಮೊದಲ ಕ್ಲಬ್ ಆಯಿತು.

## ಎರಡು ಗಲ್ಲಾಕ್ಕೆ ಮಿತಿ ಇದೆ

ಎಲ್ಲ ಕ್ಲಬ್‌ಗಳೂ ಮೂರನೇ ಗಲ್ಲಾದ ಹಿಂದೆಯೇ ಯಾಕೆ ಬಿದ್ದಿವೆ? ಉಳಿದೆರಡು ತಮ್ಮ ಕೈಯಲ್ಲಿಲ್ಲ, ಅದಕ್ಕೆ.

ಓಲ್ಡ್ ಟ್ರಾಫರ್ಡ್‌ನಲ್ಲಿ ಸುಮಾರು 74,000 ಜನ ಕೂರಬಹುದು. ತವರಿನ ಪಂದ್ಯಗಳು ಎಲ್ಲ ಸೇರಿ ವರ್ಷಕ್ಕೆ ಇಪ್ಪತ್ತೈದು-ಮೂವತ್ತು. ಸೀಟು ತುಂಬಿದ ಮೇಲೆ ಉಳಿಯುವ ದಾರಿ ಎರಡೇ, ಟಿಕೆಟ್ ಬೆಲೆ ಏರಿಸಬೇಕು ಅಥವಾ ಪಂದ್ಯ ಜಾಸ್ತಿ ಆಡಬೇಕು. ಬೆಲೆ ಏರಿಸಿ ನೋಡಿದರು. 2024ರ ಕೊನೆಯಲ್ಲಿ, ಸೀಸನ್ ಅರ್ಧ ನಡೆದಿರುವಾಗ, ಉಳಿದಿದ್ದ ಟಿಕೆಟ್‌ಗಳಿಗೆ 66 ಪೌಂಡ್ ಅಂದರು. ಮಕ್ಕಳಿಗೂ ಅಷ್ಟೇ, ವಯಸ್ಸಾದವರಿಗೂ ಅಷ್ಟೇ. ಅಭಿಮಾನಿಗಳು ಬೀದಿಗೆ ಇಳಿದರು.

ಪಂದ್ಯ ಜಾಸ್ತಿ ಆಡಬೇಕಾದರೆ ಗೆಲ್ಲುತ್ತಿರಬೇಕು. ಆ ವರ್ಷ ಯೂರೋಪಾ ಲೀಗ್‌ನಲ್ಲಿ ಫೈನಲ್ ತನಕ ಹೋಗಿದ್ದರಿಂದ ತವರಿನಲ್ಲಿ ಏಳು ರಾತ್ರಿ ಹೆಚ್ಚುವರಿಯಾಗಿ ಸಿಕ್ಕವು. ಏಪ್ರಿಲ್ 17ರ ರಾತ್ರಿ ಲಿಯಾನ್ ವಿರುದ್ಧದ ಪಂದ್ಯ ನೋಡಿದವರು ಮರೆಯುವುದಿಲ್ಲ. ಹೆಚ್ಚುವರಿ ಸಮಯದಲ್ಲಿ 2-4ರಿಂದ ಹಿಂದಿದ್ದ ತಂಡ ಕೊನೆಯ ಏಳೆಂಟು ನಿಮಿಷದಲ್ಲಿ ಮೂರು ಗೋಲು ಹೊಡೆದು 5-4ಕ್ಕೆ ಮುಗಿಸಿತು. ನನ್ನ ಸೋದರಳಿಯ ಆ ರಾತ್ರಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಎದ್ದು ಬಂದಿದ್ದರು. ಅವನಿಗೆ ಅದು ಬರೀ ಆಟ. ಕ್ಲಬ್ಬಿನ ಲೆಕ್ಕದವರಿಗೆ ಅದು ಮತ್ತೊಂದು ಸೆಮಿಫೈನಲ್, ಮತ್ತೆ ಒಂದು ರಾತ್ರಿಯ 74,000 ಟಿಕೆಟ್.

ಟೀವಿ ದುಡ್ಡಿನ ಕಥೆ ಬೇರೆ. ಪ್ರೀಮಿಯರ್ ಲೀಗ್‌ನ ಪ್ರಸಾರ ಹಕ್ಕನ್ನು ಯಾವ ಕ್ಲಬ್ಬೂ ತಾನಾಗಿ ಮಾರುವ ಹಾಗಿಲ್ಲ. ಲೀಗ್ ಒಟ್ಟಿಗೆ ಮಾರಿ ಹಂಚುತ್ತದೆ. 2025ರಿಂದ 2029ರವರೆಗಿನ ನಾಲ್ಕು ಸೀಸನ್‌ಗೆ ಬ್ರಿಟನ್ ಒಳಗಿನ ಹಕ್ಕು ಒಂದೇ 670 ಕೋಟಿ ಪೌಂಡಿಗೆ ಹೋಗಿದೆ. ಬ್ರಿಟನ್ನಿನ ಈ ದುಡ್ಡಿನಲ್ಲಿ ಅರ್ಧದಷ್ಟನ್ನು ಎಲ್ಲ 20 ತಂಡಗಳಿಗೂ ಸಮನಾಗಿ ಹಂಚುತ್ತಾರೆ. ಕಾಲು ಭಾಗ ಪಟ್ಟಿಯಲ್ಲಿನ ಸ್ಥಾನ ನೋಡಿ. ಇನ್ನೊಂದು ಕಾಲು ಭಾಗ ಎಷ್ಟು ಸಲ ನೇರಪ್ರಸಾರದಲ್ಲಿ ಕಾಣಿಸಿಕೊಂಡಿರಿ ಅಂತ ನೋಡಿ. ಕೂಡು ಕುಟುಂಬದ ತೋಟದ ಫಸಲು ಇದ್ದ ಹಾಗೆ. ನಿಮ್ಮ ಪಾಲು ಬರುತ್ತದೆ, ಆದರೆ ತೋಟಕ್ಕೆ ಬೆಲೆ ಕಟ್ಟುವುದು ನೀವೊಬ್ಬರೇ ಅಲ್ಲ.

ಯೂರೋಪಿನ ಟೂರ್ನಿಗಳ ಟೀವಿ ದುಡ್ಡು ಇದರ ಮೇಲೆ. ಚಾಂಪಿಯನ್ಸ್ ಲೀಗ್ ಆಡಿದರೆ ಜಾಸ್ತಿ, ಯೂರೋಪಾ ಲೀಗ್ ಆಡಿದರೆ ಕಡಿಮೆ. ಯುನೈಟೆಡ್ 2023-24ರಲ್ಲಿ ಚಾಂಪಿಯನ್ಸ್ ಲೀಗ್‌ನಲ್ಲಿತ್ತು, ಟೀವಿಯಿಂದ 22.18 ಕೋಟಿ ಪೌಂಡ್ ಬಂತು. ಮರುವರ್ಷ ಅದಿಲ್ಲ, 17.29 ಕೋಟಿಗೆ ಕುಸಿಯಿತು. ಸುಮಾರು ಐದು ಕೋಟಿ ಪೌಂಡ್ ಒಂದೇ ಏಟಿಗೆ ಮಾಯ. ಸೋಲಿನ ಬಿಸಿ ತಟ್ಟಿಲ್ಲ ಅಂತಲ್ಲ, ತಟ್ಟಿದೆ. ಮೈದಾನದ ಗಲ್ಲಾ ಮತ್ತು ಮೂರನೇ ಗಲ್ಲಾ ಸೇರಿ ಅದನ್ನು ಮುಚ್ಚಿಹಾಕಿದವು ಅಷ್ಟೇ.

## ಒಂದು ಟೈರ್ ಅಂಗಡಿಯಿಂದ ಶುರುವಾದದ್ದು

ಜೆರ್ಸಿ ಮೇಲೆ ಕಂಪನಿ ಹೆಸರು ಈಗ ಎಷ್ಟು ಸಹಜ ಅಂದರೆ, ಖಾಲಿ ಜೆರ್ಸಿ ಕಂಡರೆ ಏನೋ ಕಾಣೆಯಾಗಿದೆ ಅನಿಸುತ್ತದೆ. ಐವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಇದು ಅಪರಾಧದ ಹಾಗಿತ್ತು.

1976ರ ಜನವರಿಯಲ್ಲಿ ಕೆಟರಿಂಗ್ ಟೌನ್ ಅನ್ನುವ ಸಣ್ಣ ಕ್ಲಬ್ ಎದೆ ಮೇಲೆ 'ಕೆಟರಿಂಗ್ ಟೈರ್ಸ್' ಅಂತ ಬರೆಸಿಕೊಂಡು ಮೈದಾನಕ್ಕೆ ಇಳಿಯಿತು. ಫುಟ್‌ಬಾಲ್ ಸಂಸ್ಥೆ ತಕ್ಷಣ ತೆಗೆಸಿ ಅಂದಿತು. ಕ್ಲಬ್ಬಿನವರು ಬುದ್ಧಿವಂತರು. ಕೊನೆಯ ಅಕ್ಷರಗಳನ್ನೆಲ್ಲ ಕಿತ್ತು 'ಕೆಟರಿಂಗ್ ಟಿ' ಅಂತ ಉಳಿಸಿಕೊಂಡರು. ಟಿ ಅಂದರೆ ಟೈರ್ಸ್ ಅಲ್ಲ ಸ್ವಾಮಿ, ಟೌನ್ ಅಂತ ವಾದ. ಸಂಸ್ಥೆ ಒಪ್ಪಲಿಲ್ಲ, ಅದನ್ನೂ ತೆಗೆಸಿತು. ಆದರೆ ಮರುವರ್ಷವೇ ನಿಯಮ ಸಡಿಲವಾಯಿತು. 1979ರಲ್ಲಿ ಲಿವರ್‌ಪೂಲ್ ಎದೆ ಮೇಲೆ ಹಿಟಾಚಿ ಬಂತು. 1982ರಲ್ಲಿ ಯುನೈಟೆಡ್ ಶಾರ್ಪ್ ಕಂಪನಿಯ ಹೆಸರು ಹಾಕಿಕೊಂಡಿತು. ಟೀವಿಯವರು ಮಾತ್ರ 1983ರ ತನಕ ಪಟ್ಟು ಬಿಡಲಿಲ್ಲ. ಪಂದ್ಯ ಟೀವಿಯಲ್ಲಿ ಬರುವ ದಿನ ಹೆಸರಿಲ್ಲದ ಜೆರ್ಸಿಯನ್ನೇ ಹಾಕಬೇಕಿತ್ತು.

ಬಾರ್ಸಿಲೋನಾ ಇನ್ನೂ ಹಟಮಾರಿ. ನೂರು ವರ್ಷಕ್ಕೂ ಮೇಲೆ ಎದೆ ಖಾಲಿ ಇಟ್ಟಿತ್ತು. 2006ರಲ್ಲಿ ಯುನಿಸೆಫ್ ಹೆಸರು ಹಾಕಿಕೊಂಡಾಗ ದುಡ್ಡು ತಗೊಳ್ಳಲಿಲ್ಲ, ತಾನೇ ಕೊಟ್ಟಿತು. ಕೊನೆಗೆ ಅದೂ ಸೋತಿತು. 2010ರಲ್ಲಿ ಕತಾರ್ ಫೌಂಡೇಶನ್ ಜೊತೆ ಒಪ್ಪಂದವಾಯಿತು. 2022ರಲ್ಲಿ ಸ್ಪಾಟಿಫೈ ಎದೆಯ ಜೊತೆ ಕ್ಯಾಂಪ್ ನೌ ಮೈದಾನದ ಹೆಸರಿನಲ್ಲೂ ಸೇರಿಕೊಂಡಿತು.

## ಟ್ರ್ಯಾಕ್ಟರ್‌ಗೂ ಒಬ್ಬ ಪಾಲುದಾರ

ಜೆರ್ಸಿ ಎದೆ ಒಂದೇ ಇರುವುದು. ಯುನೈಟೆಡ್ ಮಾಡಿದ ಚಾಲಾಕಿತನ ಅಂದರೆ, ಮಾರುವುದಕ್ಕೆ ಬೇರೆ ಬೇರೆ ಜಾಗ ಹುಡುಕಿದ್ದು.

ಮೊದಲು ಅಭ್ಯಾಸದ ಬಟ್ಟೆ. ಆಟಗಾರರು ಬೆಳಗ್ಗೆ ಓಡುವಾಗ ಹಾಕುವ ಬನಿಯನ್ನಿಗೆ ಯಾರು ದುಡ್ಡು ಕೊಡುತ್ತಾರೆ ಅನ್ನಬಹುದು. 2011ರಲ್ಲಿ ಕೊರಿಯರ್ ಕಂಪನಿ ಡಿಎಚ್‌ಎಲ್ ಕೊಟ್ಟಿತು. ನಾಲ್ಕು ವರ್ಷಕ್ಕೆ 4 ಕೋಟಿ ಪೌಂಡ್ ಅಂತ ಆಗ ವರದಿಯಾಗಿತ್ತು. ಆಮೇಲೆ ಅಭ್ಯಾಸದ ಮೈದಾನದ ಹೆಸರು ಮಾರಿದರು. 2018ರಲ್ಲಿ ತೋಳು ಮಾರಿದರು.

ಇದರ ಜೊತೆಗೇ ವಸ್ತುಗಳ ಲೆಕ್ಕದಲ್ಲಿ ಜಗತ್ತನ್ನು ತುಂಡು ಮಾಡಿದರು. ಟ್ರ್ಯಾಕ್ಟರ್ ಮಾಡುವ ಯನ್ಮಾರ್ ಒಬ್ಬ ಪಾಲುದಾರ. ದಿಢೀರ್ ನೂಡಲ್ಸಿನ ನಿಸ್ಸಿನ್ ಒಬ್ಬ. ಚಿಲಿ ದೇಶದ ವೈನ್ ಕಂಪನಿ, ಮಲೇಷ್ಯಾದ ಆಲೂಗಡ್ಡೆ ಚಿಪ್ಸ್, ಜಪಾನಿನ ಬಣ್ಣ, ಹಾಸಿಗೆ-ದಿಂಬು, ಎಲ್ಲಕ್ಕೂ ಒಬ್ಬೊಬ್ಬರು. ನಮ್ಮ ದೇಶದ ಅಪೊಲೊ ಟೈರ್ಸ್ ಕೂಡ 2013ರಲ್ಲಿ ಈ ಸಾಲಿಗೆ ಸೇರಿತು. ಟೈರ್ ಮಾರುವವರು ಚಿಪ್ಸ್ ಮಾರುವವರ ಜೊತೆ ಜಗಳ ಆಡುವುದಿಲ್ಲವಲ್ಲ. ಒಂದೇ ಲಾಂಛನವನ್ನು ಇಪ್ಪತ್ತು ಸಲ ಮಾರಬಹುದು. ಕೇಳಿದವರು ನಕ್ಕರು, ಆಮೇಲೆ ಎಲ್ಲ ದೊಡ್ಡ ಕ್ಲಬ್‌ಗಳೂ ಅದನ್ನೇ ಮಾಡಿದವು.

ಕಂಪನಿಗಳಿಗೆ ಇದರಿಂದ ಏನು ಲಾಭ? ಜನರ ಕಣ್ಣು. ಜಗತ್ತಿನಲ್ಲಿ ತನಗೆ 65.9 ಕೋಟಿ ಹಿಂಬಾಲಕರಿದ್ದಾರೆ ಅಂತ ಕ್ಲಬ್ ತಾನೇ ಮಾಡಿಸಿದ ಸಮೀಕ್ಷೆ ತೋರಿಸಿ 2012ರಲ್ಲಿ ಹೇಳಿತ್ತು. 2019ರಲ್ಲಿ ಆ ಸಂಖ್ಯೆ 110 ಕೋಟಿ ಆಯಿತು. ಅಂದರೆ ಭೂಮಿ ಮೇಲಿನ ಏಳು ಜನರಲ್ಲಿ ಒಬ್ಬರು. ಸ್ವಲ್ಪ ಉಪ್ಪು-ಖಾರ ಇದ್ದೀತು ಅಂತ ನನಗಂತೂ ಅನಿಸುತ್ತದೆ. ಆದರೆ ಅದರ ಅರ್ಧ ನಿಜವಾದರೂ ಟ್ರ್ಯಾಕ್ಟರ್ ಕಂಪನಿಗೆ ಸಾಕು.

## ನಿನ್ನೆಯ ಹೆಸರು, ಇವತ್ತಿನ ದುಡ್ಡು

ಈಗ ಮೊದಲ ಒಗಟಿನ ಉಳಿದ ಅರ್ಧ. ತಂಡ ಸೋಲುತ್ತಿರುವಾಗಲೂ ಕಂಪನಿಗಳು ಯಾಕೆ ದುಡ್ಡು ಸುರಿಯುತ್ತವೆ?

ಯುನೈಟೆಡ್ ಕೊನೆಯ ಸಲ ಲೀಗ್ ಗೆದ್ದಿದ್ದು 2013ರಲ್ಲಿ, ತಂಡದ ತರಬೇತುದಾರ ಅಲೆಕ್ಸ್ ಫರ್ಗೂಸನ್ ನಿವೃತ್ತರಾದ ವರ್ಷ. ಆ ವರ್ಷ ವಾಣಿಜ್ಯ ಆದಾಯ 15.24 ಕೋಟಿ ಪೌಂಡ್. ಮುಂದಿನ 12 ಸೀಸನ್‌ನಲ್ಲಿ ಒಂದು ಸಲವೂ ಲೀಗ್ ಗೆಲ್ಲಲಿಲ್ಲ. ವಾಣಿಜ್ಯ ಆದಾಯ ಮಾತ್ರ ಎರಡು ಪಟ್ಟು ದಾಟಿತು.

ಕಾರಣ ಒಪ್ಪಂದಗಳ ಅವಧಿ. ಟಿಕೆಟ್ ದುಡ್ಡು ಆ ದಿನದ್ದು, ಟೀವಿ ದುಡ್ಡು ಆ ಸೀಸನ್ನಿನದ್ದು, ಆದರೆ ಸ್ಪಾನ್ಸರ್ ಒಪ್ಪಂದ ಐದು, ಏಳು, ಹತ್ತು ವರ್ಷದ್ದು. ತೆಂಗಿನ ಸಸಿ ಇದ್ದ ಹಾಗೆ. ಅಜ್ಜ ನೀರು ಹಾಕಿದ್ದ, ಮೊಮ್ಮಗ ಕಾಯಿ ಕೀಳುತ್ತಾನೆ. ಮೊಮ್ಮಗ ನೀರು ಹಾಕದಿದ್ದರೂ ಮರ ತಕ್ಷಣ ಒಣಗುವುದಿಲ್ಲ.

ಷೆವರ್ಲೆ ಕಾರು ಕಂಪನಿಯ ಕಥೆ ಕೇಳಿ. 2012ರಲ್ಲಿ ಸಹಿ ಹಾಕಿತು. 2014ರಿಂದ ಏಳು ವರ್ಷ ಜೆರ್ಸಿ ಎದೆ ತನ್ನದು, ಒಟ್ಟು 55.9 ಕೋಟಿ ಡಾಲರ್. ಸಹಿ ಬಿದ್ದ ಹೊತ್ತಿಗೇ ಕಾರು ಕಂಪನಿಯ ಮಾರ್ಕೆಟಿಂಗ್ ಮುಖ್ಯಸ್ಥ ಕೆಲಸ ಕಳೆದುಕೊಂಡ. ಹೆಸರು ಜೆರ್ಸಿ ಮೇಲೆ ಬರುವ ಮೊದಲೇ, 2013ರ ಡಿಸೆಂಬರ್‌ನಲ್ಲಿ, ಯೂರೋಪಿನಲ್ಲಿ ಷೆವರ್ಲೆ ಮಾರಾಟ ನಿಲ್ಲಿಸುತ್ತೇವೆ ಅಂತ ಮಾಲೀಕ ಸಂಸ್ಥೆ ಪ್ರಕಟಿಸಿತು. 2017ರ ಕೊನೆಗೆ ಭಾರತದಲ್ಲೂ ಅಂಗಡಿ ಮುಚ್ಚಿತು. ಹೆಸರು ಮಾತ್ರ 2021ರ ತನಕ ಎದೆ ಮೇಲೆ ಇತ್ತು. ಕ್ಲಬ್ ಪಟ್ಟಿಯಲ್ಲಿ ಐದನೆಯದೋ ಆರನೆಯದೋ ಆದಾಗಲೂ ಕಂತು ಕಂತಾಗಿ ದುಡ್ಡು ಬರುತ್ತಲೇ ಇತ್ತು.

ಈಗ ಆ ಜಾಗದಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಇದೆ. ಕ್ವಾಲ್‌ಕಾಮ್ ಕಂಪನಿಯ ಚಿಪ್ಪು. ನೀವು ಇದನ್ನು ಓದುತ್ತಿರುವ ಫೋನಿನೊಳಗೂ ಇರಬಹುದು. ಈ ಒಪ್ಪಂದ ಶುರುವಾಗಿದ್ದು 2024-25ರಲ್ಲಿ, ಅಂದರೆ ಕ್ಲಬ್ 15ನೇ ಸ್ಥಾನಕ್ಕೆ ಬಿದ್ದ ಅದೇ ವರ್ಷ. ಆ ವರ್ಷ ಸ್ಪಾನ್ಸರ್‌ಗಳಿಂದ 18.84 ಕೋಟಿ ಪೌಂಡ್, ಅಂಗಡಿ ಮತ್ತು ಬಟ್ಟೆ ವ್ಯವಹಾರದಿಂದ 14.49 ಕೋಟಿ ಪೌಂಡ್ ಬಂತು. ಎರಡೂ ಹಿಂದಿನ ವರ್ಷಕ್ಕಿಂತ ಜಾಸ್ತಿ.

## ಜೆರ್ಸಿ ಮಾರಿ ಆಟಗಾರನನ್ನು ಕೊಳ್ಳಬಹುದಾ?

ಇದು ಚಹಾ ಅಂಗಡಿಯಲ್ಲಿ ಸಿಗುವ ಖಾಯಂ ಮಾತು. "ರೊನಾಲ್ಡೊನ ಜೆರ್ಸಿ ಮಾರಿದ ದುಡ್ಡಲ್ಲೇ ಅವನನ್ನು ಕೊಂಡ ಖರ್ಚು ವಾಪಸ್ ಬಂತಂತೆ." ಇಲ್ಲ.

ಅಡಿಡಾಸ್ ಯುನೈಟೆಡ್ಡಿಗೆ 2025ರಿಂದ ಹತ್ತು ವರ್ಷಕ್ಕೆ ಕನಿಷ್ಠ 90 ಕೋಟಿ ಪೌಂಡ್ ಕೊಡಲು ಒಪ್ಪಿದೆ. ಜೆರ್ಸಿ ಹೊಲಿಸುವುದು, ಅಂಗಡಿಗಳಿಗೆ ಕಳಿಸುವುದು, ಮಾರುವುದು, ಇವೆಲ್ಲ ಬಹುಪಾಲು ಅಡಿಡಾಸ್ ಕೆಲಸ. ಹಾಗಾಗಿ ಮಾರಾಟದ ದುಡ್ಡಿನಲ್ಲಿ ದೊಡ್ಡ ಪಾಲೂ ಅದರದ್ದೇ. ಇಂಥ ಒಪ್ಪಂದಗಳಲ್ಲಿ ಒಂದೊಂದು ಜೆರ್ಸಿಗೆ ಕ್ಲಬ್ಬಿಗೆ ಸಿಗುವುದು ಸಣ್ಣ ಗೌರವಧನ. ಕ್ಲಬ್ ಮುಖ್ಯವಾಗಿ ತಗೊಳ್ಳುವುದು ಮೊದಲೇ ಗೊತ್ತುಮಾಡಿದ ಆ ಖಚಿತ ಮೊತ್ತ. ತೋಟವನ್ನು ವರ್ಷಕ್ಕೆ ಇಷ್ಟು ಅಂತ ಗುತ್ತಿಗೆಗೆ ಕೊಟ್ಟ ಹಾಗೆ. ಮಾವು ಜಾಸ್ತಿ ಬಿಟ್ಟರೆ ಲಾಭ ಗುತ್ತಿಗೆದಾರನಿಗೆ.

ನನ್ನ ಸೋದರಳಿಯನ ಬಳಿ ಮೂರು ಯುನೈಟೆಡ್ ಜೆರ್ಸಿ ಇವೆ. ಒಂದು ಅಸಲಿ, ಹುಟ್ಟುಹಬ್ಬಕ್ಕೆ ಅಂತ ಹಟ ಹಿಡಿದು ಐದಾರು ಸಾವಿರ ಕೊಡಿಸಿಕೊಂಡಿದ್ದು. ಉಳಿದೆರಡು ಫುಟ್‌ಪಾತಿನವು, ತಲಾ ಮುನ್ನೂರೈವತ್ತು. ಅವುಗಳಲ್ಲಿ ಒಂದನ್ನು ಎರಡು ಸಲ ಒಗೆದದ್ದಕ್ಕೆ ಬೆನ್ನಿನ 7ರ ತಲೆ ಉದುರಿ ಹೋಗಿದೆ. ಆ ಎರಡರಿಂದ ಕ್ಲಬ್ಬಿಗೆ ಒಂದು ಪೈಸೆಯೂ ಹೋಗಿಲ್ಲ. ಆದರೆ ಅವನ್ನು ಹಾಕಿಕೊಂಡು ಅವನು ಕಾಲೇಜಿಗೆ ಹೋಗುವಾಗ ಚಿಪ್ ಕಂಪನಿಯ ಹೆಸರು ಊರೆಲ್ಲ ಓಡಾಡುತ್ತದೆ. ಹೇಗೆ ನೋಡಿದರೂ ಸ್ಪಾನ್ಸರ್‌ಗೆ ಮೋಸ ಇಲ್ಲ.

## ಹಾಗಾದರೆ ನಷ್ಟ ಯಾಕೆ?

ಎರಡನೇ ಒಗಟಿಗೆ ಬರೋಣ. ಆದಾಯ ಅಂದರೆ ಗಲ್ಲಾಕ್ಕೆ ಬಿದ್ದ ಒಟ್ಟು ದುಡ್ಡು. ಲಾಭ ಅಂದರೆ ಬಾಡಿಗೆ, ಕೂಲಿ, ಸಾಲದ ಕಂತು ಎಲ್ಲ ಕಳೆದು ಉಳಿದದ್ದು. ದಿನಕ್ಕೆ ಲಕ್ಷ ರೂಪಾಯಿ ವ್ಯಾಪಾರದ ಹೋಟೆಲ್ ಮಾಲೀಕನೂ ಸಂಜೆ ತಲೆ ಮೇಲೆ ಕೈ ಹೊತ್ತು ಕೂರಬಹುದು.

ಕ್ಲಬ್ಬಿನ ದೊಡ್ಡ ಖರ್ಚು ಸಂಬಳ. 2024-25ರಲ್ಲಿ ಯುನೈಟೆಡ್ ಸಂಬಳಕ್ಕೆ ಕೊಟ್ಟಿದ್ದು 31.32 ಕೋಟಿ ಪೌಂಡ್. ಹಿಂದಿನ ವರ್ಷ ಇನ್ನೂ ಜಾಸ್ತಿ, 36.47 ಕೋಟಿ. ಚಾಂಪಿಯನ್ಸ್ ಲೀಗ್ ಇಲ್ಲದಿದ್ದರೆ ಆಟಗಾರರ ಸಂಬಳವೂ ಕಡಿಮೆಯಾಗುವ ಕರಾರು ಇರುವುದು ಇಳಿಕೆಗೆ ಒಂದು ಕಾರಣ.

ಎರಡನೆಯದು ಆಟಗಾರರನ್ನು ಕೊಂಡ ಬೆಲೆ. ಇಲ್ಲಿ ಒಂದು ಲೆಕ್ಕದ ಪದ್ಧತಿ ಇದೆ, ಅದು ಗೊತ್ತಾದರೆ ಅರ್ಧ ಫುಟ್‌ಬಾಲ್ ಸುದ್ದಿ ಅರ್ಥವಾಗುತ್ತದೆ. ನೀವು ಒಂದು ಮಳಿಗೆಯನ್ನು ಐದು ವರ್ಷಕ್ಕೆ ಹಿಡಿದು ಪೂರ್ತಿ ಬಾಡಿಗೆ ಐದು ಲಕ್ಷ ಮೊದಲೇ ಕೊಟ್ಟಿರಿ ಅಂದುಕೊಳ್ಳಿ. ಈ ವರ್ಷದ ಖರ್ಚು ಐದು ಲಕ್ಷವಾ? ಅಲ್ಲ, ವರ್ಷಕ್ಕೆ ಒಂದು ಲಕ್ಷ. ಹಾಗೇ 5 ಕೋಟಿ ಪೌಂಡ್ ಕೊಟ್ಟು ಐದು ವರ್ಷದ ಕರಾರಿಗೆ ಆಟಗಾರನನ್ನು ತಂದರೆ ಪುಸ್ತಕದಲ್ಲಿ ವರ್ಷಕ್ಕೆ 1 ಕೋಟಿ ಖರ್ಚು ಅಂತ ಬರೆಯುತ್ತಾರೆ. ಹೀಗೆ ಹಳೆಯ ಖರೀದಿಗಳೆಲ್ಲ ಸೇರಿ ಯುನೈಟೆಡ್ ಪುಸ್ತಕದಲ್ಲಿ 2023-24ರ ಒಂದು ವರ್ಷಕ್ಕೇ ಸುಮಾರು 19 ಕೋಟಿ ಪೌಂಡ್ ಖರ್ಚು ಬಿತ್ತು. ಯಾವಾಗಲೋ ಕೊಂಡು ಈಗ ಬೆಂಚಿನಲ್ಲಿ ಕೂತವನ ಖರ್ಚೂ ಅದರಲ್ಲಿ ಇರುತ್ತದೆ.

ಚೆಲ್ಸಿ ಇದರಲ್ಲಿ ಒಂದು ಸಂದು ಕಂಡುಕೊಂಡಿತು. ಮಿಖೈಲೊ ಮುದ್ರಿಕ್, ಎಂಝೊ ಫರ್ನಾಂಡಿಸ್ ಇಬ್ಬರಿಗೂ ಎಂಟೂವರೆ ವರ್ಷದ ಕರಾರು ಮಾಡಿತು. ಜಾಸ್ತಿ ವರ್ಷಕ್ಕೆ ಹಂಚಿದರೆ ವರ್ಷದ ಖರ್ಚು ಕಡಿಮೆ ಕಾಣುತ್ತದಲ್ಲ. 2023ರಲ್ಲಿ ಮೊದಲು ಯೂರೋಪಿನ ಸಂಸ್ಥೆ ಯುಯೆಫಾ, ಆಮೇಲೆ ಪ್ರೀಮಿಯರ್ ಲೀಗ್, ಹಂಚುವುದಿದ್ದರೆ ಐದೇ ವರ್ಷ ಅಂತ ಬಾಗಿಲು ಹಾಕಿದವು.

ಇದರ ಇನ್ನೊಂದು ಮಗ್ಗುಲು ಸ್ವಂತ ಅಕಾಡೆಮಿಯ ಹುಡುಗರು. ಅವರಿಗೆ ಖರೀದಿ ಬೆಲೆಯೇ ಇಲ್ಲ. ಹಿತ್ತಲ ತೆಂಗಿನಕಾಯಿ ಮಾರಿದ ಹಾಗೆ, ಬಂದದ್ದೆಲ್ಲ ಲಾಭ. ಬಾಲ್ಯದಿಂದ ಯುನೈಟೆಡ್‌ನಲ್ಲೇ ಬೆಳೆದ ಸ್ಕಾಟ್ ಮೆಕ್‌ಟಾಮಿನೆಯನ್ನು 2024ರ ಆಗಸ್ಟ್‌ನಲ್ಲಿ ಎರಡೂವರೆ ಕೋಟಿ ಪೌಂಡ್ ಆಸುಪಾಸಿಗೆ ನಾಪೊಲಿಗೆ ಮಾರಿದರು. ಲೆಕ್ಕದವರಿಗೆ ಖುಷಿ. ಅವನು ಹೋದ ವರ್ಷವೇ ನಾಪೊಲಿ ಇಟಲಿಯ ಲೀಗ್ ಗೆದ್ದಿತು, ಅವನೇ ಅಲ್ಲಿನ ಶ್ರೇಷ್ಠ ಆಟಗಾರ. ಅಭಿಮಾನಿಗಳ ಹೊಟ್ಟೆ ಉರಿ ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ.

ಮೂರನೆಯದು ಸಾಲ. 2005ರಲ್ಲಿ ಅಮೆರಿಕದ ಗ್ಲೇಝರ್ ಕುಟುಂಬ ಸುಮಾರು 79 ಕೋಟಿ ಪೌಂಡಿಗೆ ಕ್ಲಬ್ ಕೊಂಡಿತು. ದೊಡ್ಡ ಪಾಲು ಸಾಲ ಎತ್ತಿ. ಆ ಸಾಲದ ಬಹುಭಾಗ ಬಂದು ಕೂತಿದ್ದು ಕ್ಲಬ್ಬಿನ ತಲೆ ಮೇಲೇ. ಮನೆ ಕೊಂಡವನು ಸಾಲವನ್ನು ಮನೆಯ ಹೆಸರಿಗೇ ಬರೆಸಿ, ಕಂತನ್ನು ಬಾಡಿಗೆದಾರರಿಂದ ಕಟ್ಟಿಸಿದ ಹಾಗೆ. ಅದಕ್ಕೆ ಮುಂಚೆ ಸಾಲವಿಲ್ಲದೆ ನಡೆಯುತ್ತಿದ್ದ ಕ್ಲಬ್ ಅದು. ಸಿಟ್ಟಿಗೆದ್ದ ಅಭಿಮಾನಿಗಳು ಅದೇ ವರ್ಷ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ತಮ್ಮದೇ ಕ್ಲಬ್ ಕಟ್ಟಿಕೊಂಡರು. ಇಪ್ಪತ್ತು ವರ್ಷದ ನಂತರವೂ ಯುನೈಟೆಡ್ ಪುಸ್ತಕದಲ್ಲಿ 65 ಕೋಟಿ ಡಾಲರ್ ದೀರ್ಘಾವಧಿ ಸಾಲ ಇತ್ತು. ಬಡ್ಡಿ ಪ್ರತಿ ವರ್ಷ.

2024ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಪಾಲು ಕೊಂಡು ಒಳಗೆ ಬಂದರು. ಬಂದವರೇ ಕತ್ತರಿ ಹಿಡಿದರು. ಮೊದಲ ಸುತ್ತಿನಲ್ಲಿ 250 ಕೆಲಸ ಹೋದವು, 2025ರಲ್ಲಿ ಇನ್ನೂ 200ರವರೆಗೆ ಅಂದರು. ಫರ್ಗೂಸನ್‌ಗೆ ಕೊಡುತ್ತಿದ್ದ ರಾಯಭಾರಿ ಸಂಭಾವನೆಯೂ ನಿಂತಿತು. ಕಚೇರಿ ಸಿಬ್ಬಂದಿಗೆ ಇದ್ದ ಉಚಿತ ಮಧ್ಯಾಹ್ನದ ಊಟ ಬಂದ್, ಇನ್ನು ಹಣ್ಣು ಮಾತ್ರ ಅಂತ ಪತ್ರಿಕೆಗಳು ಬರೆದವು. 66 ಕೋಟಿ ಪೌಂಡ್ ಗಲ್ಲಾ ಇರುವ ಮನೆಯಲ್ಲಿ ಬಾಳೆಹಣ್ಣಿನ ಲೆಕ್ಕ! ಆದರೂ ನಷ್ಟ 2023-24ರ 11.32 ಕೋಟಿಯಿಂದ 3.3 ಕೋಟಿಗೆ ಇಳಿದಿದ್ದು ನಿಜ.

## ಖರ್ಚಿಗೂ ಒಂದು ಗೆರೆ

ನಷ್ಟವಾದರೆ ಮಾಲೀಕ ತನ್ನ ಜೇಬಿನಿಂದ ಹಾಕಲಿ ಬಿಡಿ ಅನ್ನಬಹುದು. ಹಾಗೆ ಹಾಕಲು ಮಿತಿ ಇದೆ. ಪ್ರೀಮಿಯರ್ ಲೀಗ್‌ನ 2025-26ರ ತನಕದ ಪಿಎಸ್‌ಆರ್ (ನಷ್ಟಕ್ಕೆ ಮಿತಿ ಹಾಕುವ) ನಿಯಮದ ಪ್ರಕಾರ ಮೂರು ವರ್ಷದ ಒಟ್ಟು ನಷ್ಟ 10.5 ಕೋಟಿ ಪೌಂಡ್ ಮೀರಬಾರದು. ಮಹಿಳಾ ತಂಡ, ಅಕಾಡೆಮಿ, ಮೈದಾನ ಕಟ್ಟುವ ಖರ್ಚು ಇದರಲ್ಲಿ ಲೆಕ್ಕಕ್ಕಿಲ್ಲ. ಇದನ್ನು ಮೀರಿದ್ದಕ್ಕೆ 2023-24ರಲ್ಲಿ ಎವರ್ಟನ್ ಮೊದಲು 10 ಅಂಕ ಕಳೆದುಕೊಂಡಿತು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ಆಮೇಲೆ ಇನ್ನೊಂದು ಪ್ರಕರಣದಲ್ಲಿ ಮತ್ತೆ 2 ಹೋಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್ 4 ಅಂಕ ಕಳೆದುಕೊಂಡಿತು.

2026-27ರಿಂದ ಹೊಸ ಲೆಕ್ಕ ತರಲು 2025ರ ನವೆಂಬರ್‌ನಲ್ಲಿ ಕ್ಲಬ್‌ಗಳು ಮತ ಹಾಕಿದವು. ಆದಾಯ 100 ಇದ್ದರೆ ತಂಡದ ಮೇಲೆ 85ರವರೆಗೆ ಖರ್ಚು ಮಾಡಬಹುದು. ಯೂರೋಪಿನ ಟೂರ್ನಿ ಆಡುವವರಿಗೆ ಯುಯೆಫಾದ ಗೆರೆ ಇನ್ನೂ ಬಿಗಿ, 70.

ಮೂರನೇ ಗಲ್ಲಾದ ಹಿಂದಿನ ಓಟ ಈಗ ಪೂರ್ತಿ ಅರ್ಥವಾಗುತ್ತದೆ, ಅಲ್ವಾ? ಆದಾಯ ಏರಿದಷ್ಟೂ ಆಟಗಾರರಿಗೆ ಖರ್ಚು ಮಾಡುವ ಅವಕಾಶ ಏರುತ್ತದೆ. ಯುನೈಟೆಡ್ 15ನೇ ಸ್ಥಾನದಲ್ಲಿ ಮುಗಿಸಿ, ಯೂರೋಪಿಗೂ ಅರ್ಹತೆ ಪಡೆಯದೆ, ಅದೇ ಬೇಸಿಗೆಯಲ್ಲಿ ಕುನ್ಯಾ, ಎಂಬ್ಯೂಮೊ, ಶೆಷ್ಕೊ ಎಂಬ ಮೂವರು ಮುನ್ಪಡೆ ಆಟಗಾರರಿಗೆ ಸುಮಾರು 20 ಕೋಟಿ ಪೌಂಡ್ ಸುರಿಯಿತು. ಬೇರೆ ಕ್ಲಬ್ 15ನೆಯದಾಗಿದ್ದರೆ ಇದ್ದವರನ್ನೇ ಮಾರುತ್ತಿತ್ತು.

ಗೆರೆ ಇದ್ದಲ್ಲಿ ಕಳ್ಳದಾರಿಯ ಆಸೆಯೂ ಇರುತ್ತದೆ. ಮಾಲೀಕನೇ ತನ್ನ ಇನ್ನೊಂದು ಕಂಪನಿಯಿಂದ ನೂರು ರೂಪಾಯಿ ಜಾಹೀರಾತಿಗೆ ಸಾವಿರ ಕೊಡಿಸಿದರೆ? ಅದಕ್ಕೇ ಮಾಲೀಕರ ನಂಟಿರುವ ಕಂಪನಿಗಳ ಒಪ್ಪಂದ ಪೇಟೆ ಬೆಲೆಗೆ ತಕ್ಕಂತೆ ಇದೆಯಾ ಅಂತ ಲೀಗ್ ತೂಗಿ ನೋಡುತ್ತದೆ. ಈ ನಿಯಮದ ಮೇಲೆಯೇ ಮ್ಯಾಂಚೆಸ್ಟರ್ ಸಿಟಿ ಮತ್ತು ಲೀಗ್ ನಡುವೆ ದೊಡ್ಡ ಕಾನೂನು ಜಟಾಪಟಿ ನಡೆಯಿತು.

## ನಮ್ಮ ಕಂಠೀರವದಲ್ಲಿ

2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿದ್ದಾಗಿ ಪ್ರಕಟಿಸಿತು. 2013ರಲ್ಲಿ ಹುಟ್ಟಿ, ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದ, 2018-19ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆದ್ದ ತಂಡ ಅದು. ಆಟದಲ್ಲಿ ಕೊರತೆ ಇರಲಿಲ್ಲ. ಲೀಗೇ ನಿಂತುಹೋಗಿತ್ತು. ಲೀಗ್ ನಡೆಸುವ ಕಂಪನಿ ಮತ್ತು ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯ ನಡುವೆ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ ಆ ಡಿಸೆಂಬರ್‌ಗೆ ಮುಗಿಯುವುದಿತ್ತು. ನವೀಕರಣ ಆಗಲಿಲ್ಲ ಅಂತ ಜುಲೈನಲ್ಲೇ ಸೀಸನ್ ತಡೆಹಿಡಿದರು.

ಪಂದ್ಯ ಇಲ್ಲ ಅಂದರೆ ಟಿಕೆಟ್ ಇಲ್ಲ, ಟೀವಿ ಇಲ್ಲ, ಸ್ಪಾನ್ಸರ್‌ಗೆ ತೋರಿಸಲು ಜೆರ್ಸಿಯೇ ಇಲ್ಲ. ಮೂರೂ ಗಲ್ಲಾ ಒಟ್ಟಿಗೆ ಮುಚ್ಚಿದವು. ಹತ್ತು ವರ್ಷದ ಖಚಿತ ಒಪ್ಪಂದಗಳ ದಿಂಬು ನಮ್ಮ ಕ್ಲಬ್‌ಗಳಿಗೆ ಇಲ್ಲ. ಮಾಲೀಕರ ಜೇಬೇ ದಿಂಬು.

ಹೆಸರಿನ ಬಲ ಅಂದರೆ ಏನು ಅನ್ನುವುದಕ್ಕೆ ನಮ್ಮಲ್ಲಿ ಒಳ್ಳೆಯ ಉದಾಹರಣೆ ಕ್ರಿಕೆಟ್‌ನಲ್ಲಿದೆ. ಆರ್‌ಸಿಬಿ ಮೊದಲ ಐಪಿಎಲ್ ಕಪ್ ಗೆದ್ದಿದ್ದು 18ನೇ ಸೀಸನ್‌ನಲ್ಲಿ, 2025ರ ಜೂನ್ 3ರಂದು. ಅಲ್ಲಿಯವರೆಗೆ 'ಈ ಸಲ ಕಪ್ ನಮ್ದೇ' ಅನ್ನುತ್ತಾ ಕೆಂಪು ಜೆರ್ಸಿ ಕೊಂಡವರು ಕಡಿಮೆಯಾ? ಆದರೆ ಒಂದು ವ್ಯತ್ಯಾಸ ಇದೆ. ಐಪಿಎಲ್‌ನಲ್ಲಿ ಕೊನೆಯ ಸ್ಥಾನ ಬಂದರೂ ಕೆಳಗಿನ ಲೀಗಿಗೆ ತಳ್ಳುವುದಿಲ್ಲ. 2023-27ರ ಪ್ರಸಾರ ಹಕ್ಕಿನ 48,390 ಕೋಟಿ ರೂಪಾಯಿಯಲ್ಲಿ ತಂಡಗಳಿಗೂ ಪಾಲು ಖಾತರಿ. ಇಂಗ್ಲೆಂಡಿನಲ್ಲಿ ಕೊನೆಯ ಮೂರು ತಂಡ ಸೀದಾ ಕೆಳಗೆ. ಯುನೈಟೆಡ್ ಆ ವರ್ಷ 15ನೆಯದು. 18ನೆಯದಾಗಿದ್ದರೆ ಈ ಲೆಕ್ಕವೆಲ್ಲ ಬೇರೆಯೇ ಇರುತ್ತಿತ್ತು.

## ಮರಕ್ಕೆ ನೀರು

ಸ್ಪಾನ್ಸರ್‌ಗಳು ಧರ್ಮಕ್ಕೆ ಕೊಡುವವರಲ್ಲ. ಅಡಿಡಾಸ್ ಒಪ್ಪಂದದಲ್ಲಿ ಒಂದು ಸಾಲು ಇದೆ: ಚಾಂಪಿಯನ್ಸ್ ಲೀಗ್ ಆಡದ ಪ್ರತಿ ವರ್ಷಕ್ಕೆ 1 ಕೋಟಿ ಪೌಂಡ್ ಕಡಿತ. ಹಳೆಯ ಒಪ್ಪಂದದಲ್ಲಿ ಸತತ ಎರಡು ವರ್ಷ ತಪ್ಪಿದರೆ ಮಾತ್ರ ಕಡಿತ ಇತ್ತು.

ಸೆಪ್ಟೆಂಬರ್‌ನ ಅದೇ ವರದಿಯಲ್ಲಿ ಕ್ಲಬ್ ಮುಂದಿನ ವರ್ಷದ ಅಂದಾಜನ್ನೂ ಕೊಟ್ಟಿತ್ತು: 64ರಿಂದ 66 ಕೋಟಿ ಪೌಂಡ್. ದಾಖಲೆಯ ಮೊತ್ತಕ್ಕಿಂತ ಕಡಿಮೆ. ಯೂರೋಪಿನ ರಾತ್ರಿಗಳು ಒಂದೂ ಇಲ್ಲ. ಲೀಗ್ ಕಪ್‌ನಲ್ಲೂ ಆಗಸ್ಟ್ 27ರಂದೇ ನಾಲ್ಕನೇ ದರ್ಜೆಯ ಗ್ರಿಮ್ಸ್‌ಬಿ ಟೌನ್ ಎದುರು ಪೆನಾಲ್ಟಿಯಲ್ಲಿ 12-11ಕ್ಕೆ ಸೋತು ಹೊರಬಿದ್ದಾಗಿತ್ತು. ಆ ರಾತ್ರಿ ಸೋದರಳಿಯ ಫೋನು ಪಕ್ಕಕ್ಕಿಟ್ಟು ಮಲಗಿದ. ಬೆಳಗ್ಗೆ ಕಾಲೇಜಿಗೆ ಹೊರಟಾಗ ಮೈಮೇಲೆ ಅದೇ ತಲೆ ಉದುರಿದ 7ರ ಜೆರ್ಸಿ.